ಕೇಳಿದರೆ ಏನಂದುಕೊಳ್ಳುತ್ತಾರೋ!

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಯಾವುದಾದರೂ ಟೆಕ್ ಪಾರ್ಕಿನ ಗೇಟಿನ ಮುಂದೆ ನಿಂತು ನೋಡಿ. ಕೊರಳಿಗೆ ಟ್ಯಾಗ್ ಹಾಕಿಕೊಂಡವರು ಫೋನಿನಿಂದ ಕಣ್ಣು ಕೀಳದೆ ಕಾರ್ಡ್ ತೋರಿಸಿ ಒಳಗೆ ಹೋಗುತ್ತಿರುತ್ತಾರೆ. ಪಕ್ಕದ ಸೆಕ್ಯುರಿಟಿ ಕ್ಯಾಬಿನ್ನಿನ ಬಳಿ ಇನ್ನೊಂದು ಸಾಲು. ಇಸ್ತ್ರಿಯ ಗೆರೆ ಮಾಸದ ಅಂಗಿ, ಕಚ್ಚುವ ಹೊಸ ಶೂ, ಬೆನ್ನಿಗೆ ಕಾಲೇಜಿನದೇ ಬ್ಯಾಗು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಆಧಾರ್ ಜೆರಾಕ್ಸ್, ಕಾಲೇಜು ಕೊಟ್ಟ ಪತ್ರ, ಪಾಸ್‌ಪೋರ್ಟ್ ಸೈಜಿನ ನಾಲ್ಕು ಫೋಟೊ.

ರಿಜಿಸ್ಟರಿನಿಂದ ತಲೆಯೆತ್ತದೆ ಗಾರ್ಡ್ ಕೇಳುತ್ತಾನೆ: “ಯಾರನ್ನ ನೋಡ್ಬೇಕು? ಅವರಿಂದ ಒಂದು ಫೋನ್ ಮಾಡ್ಸಿ.”

ಅದೇ ಗೊತ್ತಿಲ್ಲ. ಆಫರ್ ಲೆಟರ್ ಕಳಿಸಿದ ಎಚ್‌.ಆರ್‌. ಇಮೇಲ್ ಇದೆ, ನಂಬರಿಲ್ಲ. ಅದೇ ಕಂಪನಿಯ ಟ್ಯಾಗ್ ಹಾಕಿಕೊಂಡ ಹತ್ತಾರು ಜನ ಎದುರಿಗೇ ದಾಟಿ ಹೋಗುತ್ತಾರೆ. ಒಬ್ಬರನ್ನು ನಿಲ್ಲಿಸಿ ಕೇಳಿದರೆ ಎರಡು ನಿಮಿಷದ ಕೆಲಸ. ಕೇಳುವುದಿಲ್ಲ. ಎಚ್‌.ಆರ್‌. ಬಂದು ಮೇಲ್ ನೋಡುವಾಗ ಹತ್ತೂಕಾಲು. ಅಲ್ಲಿಯವರೆಗೆ ಬಿಸಿಲಲ್ಲಿ ನಿಂತೇ ಇರುತ್ತಾರೆ.

ಇವರು ಇಂಟರ್ನ್‌ಗಳು. ಎರಡು ತಿಂಗಳಿಗೋ ಆರು ತಿಂಗಳಿಗೋ ಬಂದವರು. ಪೂರ್ತಿ ನೌಕರರೂ ಅಲ್ಲ, ಬರೀ ವಿದ್ಯಾರ್ಥಿಗಳೂ ಅಲ್ಲ. ಇವರಿಗೆ ಕೊಡುವ ಬುದ್ಧಿಮಾತು ಬೇಕಾದಷ್ಟಿದೆ: ಸಮಯಕ್ಕೆ ಸರಿಯಾಗಿ ಹೋಗು, ಇಂಗ್ಲಿಷ್ ಸುಧಾರಿಸಿಕೋ, ಹೊಸ ತಂತ್ರಜ್ಞಾನ ಕಲಿ. ಎಲ್ಲ ಸರಿಯೇ. ಆದರೆ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ಎಡವುವುದು ಬುದ್ಧಿಯ ಕೊರತೆಯಿಂದಲ್ಲ. ಗೇಟಿನಲ್ಲಿ ಅವರನ್ನು ತಡೆದ ಸಂಕೋಚ ಪಿಜಿ ಮಾಲೀಕನ ಮುಂದೆ, ಮ್ಯಾನೇಜರ್ ಮುಂದೆ, ಸ್ಟೈಪೆಂಡ್ ತಡವಾದಾಗ ಎಚ್‌.ಆರ್‌. ಮುಂದೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಪ್ರತಿ ಸಲವೂ ಅದಕ್ಕೊಂದು ಬೆಲೆ ಇರುತ್ತದೆ, ಹಲವು ಸಲ ರೂಪಾಯಿಯಲ್ಲೇ.

ಈಗ ಎಲ್ಲರಿಗೂ ಕಡ್ಡಾಯ

ಕೆಲಸದ ಜಾಗದಲ್ಲೇ ಕಲಿಯುವುದು ನಮಗೆ ಹೊಸದಲ್ಲ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ವಾರ್ಡು ಸುತ್ತಲೇಬೇಕು. ಲೆಕ್ಕಪರಿಶೋಧಕರಾಗುವವರಿಗೆ ಆರ್ಟಿಕಲ್‌ಶಿಪ್ ಇದೆ. ಮೂರು ವರ್ಷವಿದ್ದದ್ದು 2023ರ ಹೊಸ ಪದ್ಧತಿಯಲ್ಲಿ ಎರಡಕ್ಕೆ ಇಳಿಯಿತು. ವಕೀಲಿ ಓದುವವರಿಗೆ ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಆಗಬೇಕು.

ಬದಲಾದದ್ದು ಉಳಿದವರ ಪಾಲಿಗೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಇಂಟರ್ನ್‌ಶಿಪ್ ನೀತಿ ತಂದಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಅದನ್ನು ಪಠ್ಯಕ್ರಮದೊಳಗೆ ಸೇರಿಸಿ ಅಂಕ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿನ್ನೆಲೆಯಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯವರಿಗೂ ನಾಲ್ಕನೇ ಸೆಮಿಸ್ಟರ್ ನಂತರ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಹೇಳುತ್ತದೆ.

ಉದ್ದೇಶ ಒಳ್ಳೆಯದೇ. ತೊಂದರೆ ಎಂದರೆ ರಾಜ್ಯದ ಸಾವಿರಾರು ವಿದ್ಯಾರ್ಥಿಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಂಪನಿಗಳ ಬಾಗಿಲು ತಟ್ಟುತ್ತಾರೆ. ಅಷ್ಟು ಜನರಿಗೆ ನಿಜವಾದ ಕೆಲಸ ಎಲ್ಲಿದೆ? ಈ ಕೊರತೆಯ ಸಂದಿನಲ್ಲಿ ಒಂದು ವ್ಯಾಪಾರ ಹುಟ್ಟಿಕೊಂಡಿದೆ. ‘ನೋಂದಣಿ ಶುಲ್ಕ’, ‘ತರಬೇತಿ ಶುಲ್ಕ’ ಎಂದು ವಿದ್ಯಾರ್ಥಿಯಿಂದಲೇ ಕೆಲವು ಸಾವಿರ ಪಡೆದು, ನಾಲ್ಕು ವಿಡಿಯೊ ತೋರಿಸಿ, ಕೊನೆಗೆ ಬಣ್ಣದ ಸರ್ಟಿಫಿಕೇಟ್ ಕೊಡುವ ಮಳಿಗೆಗಳು. ಕಾಲೇಜಿಗೆ ಕಾಗದ ಸಿಗುತ್ತದೆ, ವಿದ್ಯಾರ್ಥಿಗೆ ಅಂಕ ಸಿಗುತ್ತದೆ, ಯಾರಿಗೂ ತಕರಾರಿಲ್ಲ. ಮುಂದೆ ಸಂದರ್ಶನದಲ್ಲಿ “ಅಲ್ಲಿ ನೀವು ಏನು ಮಾಡಿದಿರಿ?” ಎಂಬ ಮೊದಲ ಪ್ರಶ್ನೆಗೇ ಆ ಕಾಗದ ಸೋಲುತ್ತದೆ. ಕೆಲಸ ಕೊಡುವವರು ಕೆಲಸಕ್ಕೆ ಬರುವವನಿಂದ ದುಡ್ಡು ಕೇಳಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಟ್ಯೂಷನ್. ಲ್ಯಾಪ್‌ಟಾಪ್ ಡೆಪಾಸಿಟ್ ಎಂದರೂ ಅಷ್ಟೇ.

ಮೊದಲ ನಲವತ್ತು ದಿನ

ದುಡ್ಡಿನ ವಿಷಯದಲ್ಲಿ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಸ್ಟೈಪೆಂಡ್ ಎಷ್ಟೇ ಇರಲಿ, ಮೊದಲನೆಯದು ಕೈಗೆ ಬರುವುದು ತಿಂಗಳು ತುಂಬಿದ ಮೇಲೆ. ಬ್ಯಾಂಕ್ ಖಾತೆಯ ವಿವರ, ಪ್ಯಾನ್, ಆ ತಿಂಗಳ ಪಾವತಿ ಪಟ್ಟಿಗೆ ಹೆಸರು ಸೇರಿಸುವ ಕೊನೆಯ ದಿನ ದಾಟಿಹೋದದ್ದು ಎಂದೆಲ್ಲ ಆಗಿ ನಲವತ್ತು ದಿನ ದಾಟುವುದೂ ಉಂಟು. ಆದರೆ ಪಿಜಿಯ ಅಡ್ವಾನ್ಸ್ ಮೊದಲ ದಿನವೇ ಕೊಡಬೇಕು. ಹಾಗಾಗಿ ‘ತಿಂಗಳಿಗೆ 15,000 ಕೊಡ್ತಾರಂತೆ’ ಎಂದು ಖುಷಿಯಲ್ಲಿ ಬಸ್ ಹತ್ತುವವರು ಮನೆಯಿಂದ ಸುಮಾರು ಇಪ್ಪತ್ತೈದು ಸಾವಿರ ಹೊಂದಿಸಿಕೊಂಡೇ ಹೊರಡಬೇಕಾಗುತ್ತದೆ. ಅಪ್ಪನ ಹತ್ತಿರ ಇದನ್ನು ಬಿಡಿಸಿ ಹೇಳುವುದು ಇನ್ನೊಂದು ಸಂಕೋಚ. “ಸಂಬಳ ಕೊಡ್ತಾರೆ ಅಂದ್ಯಲ್ಲೋ?” ಎಂದೇ ಕೇಳುತ್ತಾರೆ.

ಆ ಹದಿನೈದು ಸಾವಿರದ ಗತಿ ನೋಡೋಣ. ಮೂವರು ಹಂಚಿಕೊಳ್ಳುವ ಪಿಜಿ ಕೋಣೆಗೆ ಊಟ ಸೇರಿ, ಬಡಾವಣೆ ನೋಡಿಕೊಂಡು, ಏಳೆಂಟು ಸಾವಿರದಿಂದ ಹತ್ತರವರೆಗೆ. ಓಡಾಟಕ್ಕೆ ಒಂದೂವರೆಯಿಂದ ಮೂರು ಸಾವಿರ. ಮಧ್ಯಾಹ್ನದ ಊಟ ಕಚೇರಿಯಲ್ಲಿ ಪುಕ್ಕಟೆಯಾದರೆ ಪುಣ್ಯ. ಫುಡ್ ಕೋರ್ಟಿನಲ್ಲಿ ತಿನ್ನಬೇಕಾದರೆ ದಿನಕ್ಕೆ ನೂರೈವತ್ತು ಹಾರಿಹೋಗುತ್ತದೆ. ಟೆಕ್ ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ತಳ್ಳುಗಾಡಿಯ ರೈಸ್‌ಬಾತ್ ಸಿಗುತ್ತದೆ, ಸ್ವಲ್ಪ ದೂರ ನಡೆದರೆ ದರ್ಶಿನಿ ಇರುತ್ತದೆ. ಹತ್ತಿರದಲ್ಲಿದ್ದರೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿತ್ತು. ಟ್ಯಾಗ್ ಹಾಕಿಕೊಂಡೇ ಅಲ್ಲಿ ಸಾಲಿನಲ್ಲಿ ನಿಲ್ಲುವವರಿದ್ದಾರೆ, ಟ್ಯಾಗನ್ನು ಜೇಬಿಗೆ ಸೇರಿಸಿ ನಿಲ್ಲುವವರೂ ಇದ್ದಾರೆ.

ಓಡಾಟದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ, ಗಂಟೆಯಲ್ಲಿ ಹಾಕಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕೆ, ಬೇಡವೆ ಎಂಬುದರ ಮೇಲೆ ದಿನದ ಎರಡು ಗಂಟೆ ನಿಂತಿದೆ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಗಿ ಓಡುತ್ತಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ಜಯನಗರದ ಕಡೆ ಇರುವುದೂ ಸಾಧ್ಯವಾಗಿದೆ. ಆದರೆ 2025ರ ಫೆಬ್ರವರಿಯ ಏರಿಕೆಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿಯಿತು. ದಿನಾ ಎರಡು ಸಲ ದೂರದ ಪ್ರಯಾಣವಾದರೆ ತಿಂಗಳಿಗೆ ಮೂರು ಸಾವಿರ ದಾಟುವುದೂ ಉಂಟು. ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ ಅದಕ್ಕಿಂತ ಎಷ್ಟೋ ಅಗ್ಗ. ಹುಡುಗಿಯರಿಗಂತೂ 2023ರ ಜೂನ್ 11ರಿಂದ ‘ಶಕ್ತಿ’ ಇದೆ: ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಎ.ಸಿ. ವಜ್ರ ಬಸ್ಸಿಗೆ ಇದು ಅನ್ವಯಿಸದು. ಒಂದು ಇಂಟರ್ನ್‌ಶಿಪ್ ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನೇ ಈ ಉಳಿತಾಯ ತೀರ್ಮಾನಿಸುವ ಮನೆಗಳು ಕಡಿಮೆ ಇಲ್ಲ.

ಪಿಜಿಯೋ, ಚಿಕ್ಕಮ್ಮನ ಮನೆಯೋ

ಮನೆ ಬಾಡಿಗೆಗೆ ಹಿಡಿಯುವ ಮಾತು ಇಂಟರ್ನ್‌ಗೆ ಸಲ್ಲದು. ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವ ಊರಿದು. ಉಳಿದದ್ದು ಎರಡೇ ದಾರಿ.

ಚಿಕ್ಕಮ್ಮನ ಮನೆ ರಾಜಾಜಿನಗರದಲ್ಲಿದೆ ಎನ್ನಿ. “ನಮ್ಮನೆ ಇರುವಾಗ ಪಿಜಿ ಯಾಕೆ?” ಎಂದು ಅವರೇ ಕರೆಯುತ್ತಾರೆ, ಪ್ರೀತಿಯಿಂದಲೇ. ಬಿಸಿ ಊಟ, ಬಾಡಿಗೆಯಿಲ್ಲ, ಜ್ವರ ಬಂದರೆ ನೋಡುವವರಿದ್ದಾರೆ. ಆದರೆ ಕಚೇರಿ ಬೆಳ್ಳಂದೂರಿನಲ್ಲಿದ್ದರೆ ಹೋಗಿ ಬರಲು ನಾಲ್ಕು ಗಂಟೆ. ಅಮೆರಿಕದವರ ಜೊತೆಗಿನ ಮೀಟಿಂಗ್ ರಾತ್ರಿ ಹತ್ತಕ್ಕೆ ಮುಗಿಯುತ್ತದೆ ಎಂದು ಅವರಿಗೆ ಅರ್ಥ ಮಾಡಿಸುವುದು ಕಷ್ಟ. ಅವರ ಮಗನ ಗಣಿತದ ಹೋಂವರ್ಕ್ ಮೆಲ್ಲಗೆ ನಿಮ್ಮ ಪಾಲಿಗೆ ಬರುತ್ತದೆ. ಮೊದಲ ಎರಡು ವಾರ ಅಲ್ಲಿದ್ದು, ಆ ಹೊತ್ತಿನಲ್ಲಿ ಕಚೇರಿಯ ಹತ್ತಿರ ಪಿಜಿ ನೋಡಿಕೊಂಡು, ಭಾನುವಾರದ ಊಟಕ್ಕೆ ತಪ್ಪದೆ ಹೋಗುವುದು ನನಗೆ ಕಂಡಂತೆ ಇಬ್ಬರಿಗೂ ಹಿತ. ಕಣ್ಣಾರೆ ನೋಡದೆ ಆನ್‌ಲೈನಿನಲ್ಲೇ ಟೋಕನ್ ಅಡ್ವಾನ್ಸ್ ಕಳಿಸುವ ಅಪಾಯವೂ ತಪ್ಪುತ್ತದೆ.

ಪಿಜಿ ನೋಡಲು ಸಂಜೆ ಹೋಗಿ, ಊಟದ ಹೊತ್ತಿಗೆ. ಅಲ್ಲಿರುವವರ ತಟ್ಟೆ ನೋಡಿ. ಮಾಲೀಕನ ವಾಟ್ಸ್‌ಆ್ಯಪ್‌ನಲ್ಲಿ ಬರುವ ಮೆನುಗಿಂತ ಅದು ಸತ್ಯ. ಆಮೇಲೆ ಕೇಳಬೇಕಾದ ಪ್ರಶ್ನೆಗಳು: ಅಡ್ವಾನ್ಸಿನಲ್ಲಿ ಹೊರಡುವಾಗ ‘ಮೇಂಟೆನೆನ್ಸ್’ ಎಂದು ಎಷ್ಟು ಹಿಡಿಯುತ್ತೀರಿ? ಎಷ್ಟು ದಿನ ಮುಂಚೆ ಹೇಳಬೇಕು? ತಿಂಗಳ ನಡುವೆ ಬಿಟ್ಟರೆ ಉಳಿದ ದಿನಗಳ ಬಾಡಿಗೆ ವಾಪಸ್ಸೋ? ಕರೆಂಟು ಬೇರೆಯೋ? ಉತ್ತರವನ್ನು ಮಾತಿನಲ್ಲಿ ಬಿಡದೆ, “ನೀವು ಹೇಳಿದ್ದು ಇಷ್ಟು ತಾನೇ ಅಣ್ಣಾ?” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ‘ಹೂಂ’ ಎನ್ನಿಸಿಕೊಳ್ಳುವುದು ಜಾಣತನ. ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಬಂದವರ ಅಡ್ವಾನ್ಸಿನ ದೊಡ್ಡ ಪಾಲು ಹೊರಡುವ ಹೊತ್ತಿಗೆ ಕರಗುವುದು ಈ ಬರೆದಿಡದ ಮಾತುಗಳಲ್ಲೇ.

ಪಿಜಿಗಳಿಗೂ ನಿಯಮಗಳಿವೆ ಎಂಬುದು ಅವುಗಳಲ್ಲಿ ಇರುವವರಿಗೇ ಗೊತ್ತಿರುವುದಿಲ್ಲ. ಕೋರಮಂಗಲದ ಪಿಜಿಯೊಂದರಲ್ಲಿ 2024ರ ಜುಲೈನಲ್ಲಿ ಯುವತಿಯೊಬ್ಬರ ಕೊಲೆಯಾದ ಬಳಿಕ ಆಗಿನ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು. ಬರುವ ಹೋಗುವ ದಾರಿಗಳಲ್ಲಿ ಸಿಸಿಟಿವಿ ಕ್ಯಾಮೆರಾ, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ, ದಿನವಿಡೀ ಒಬ್ಬ ಸಿಬ್ಬಂದಿ. ನಾಲ್ಕು ಮಂಚ ತುರುಕಿದ ಕೋಣೆಯಲ್ಲಿ ನಿಂತು 70 ಚದರ ಅಡಿಯ ಲೆಕ್ಕ ಹಾಕಿದರೆ ನಗು ಬರಬಹುದು. ಪರವಾನಗಿ ಗೋಡೆಗೆ ಅಂಟಿಸಿದ್ದಾರೆಯೇ ಎಂದು ನೋಡುವುದಕ್ಕಂತೂ ಖರ್ಚಿಲ್ಲ.

ಒಂದು ಗಂಟೆಯ ನಿಯಮ

ಇನ್ನು ಕೆಲಸ. ಮೊದಲ ವಾರ ಕೆಲಸವೇ ಇರುವುದಿಲ್ಲ ಎಂದರೂ ನಡೆದೀತು. ಲ್ಯಾಪ್‌ಟಾಪ್ ಬರಬೇಕು, ಪಾಸ್‌ವರ್ಡ್ ಆಗಬೇಕು, ಹತ್ತು ಕಡೆ ‘ಆಕ್ಸೆಸ್’ ಕೇಳಬೇಕು. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡ್‌ಅಪ್ ಎಂಬ ಹದಿನೈದು ನಿಮಿಷದ ಸಭೆ; ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಒಬ್ಬೊಬ್ಬರೂ ಹೇಳಬೇಕು. ಇಂಟರ್ನ್ ಸರದಿ ಬಂದಾಗ ಒಂದೇ ಉತ್ತರ: “ವರ್ಕಿಂಗ್ ಆನ್ ಇಟ್.” ಮರುದಿನವೂ ಅದೇ. ಮೂರನೇ ದಿನ ಮ್ಯಾನೇಜರ್ ಹುಬ್ಬು ಮೇಲೇರುತ್ತದೆ.

ಒಳಗೆ ಆಗಿರುವುದು ಇಷ್ಟು. ಒಂದು ಫೋಲ್ಡರ್ ತೆರೆಯುತ್ತಿಲ್ಲ, ‘ಪರ್ಮಿಷನ್ ಡಿನೈಡ್’ ಎನ್ನುತ್ತಿದೆ. ತಾನೇ ಏನೋ ತಪ್ಪು ಮಾಡಿದೆನೆಂದು ಹುಡುಗ ಎರಡು ದಿನ ತಿಣುಕಿದ್ದಾನೆ, ರಾತ್ರಿ ಪಿಜಿಯಲ್ಲಿ ಕೂತು ಯೂಟ್ಯೂಬ್ ನೋಡಿದ್ದಾನೆ, ಲ್ಯಾಪ್‌ಟಾಪ್ ನಾಲ್ಕು ಸಲ ರೀಸ್ಟಾರ್ಟ್ ಮಾಡಿದ್ದಾನೆ. ಅಸಲಿಗೆ ಆ ಫೋಲ್ಡರಿಗೆ ಅವನ ಹೆಸರನ್ನು ಯಾರೂ ಸೇರಿಸಿಯೇ ಇರಲಿಲ್ಲ. ಪಕ್ಕದ ಕುರ್ಚಿಯವರಿಗೆ ಅದು ಎರಡು ನಿಮಿಷದ ಕೆಲಸ. ಕಾಲೇಜಿನಲ್ಲಿ ಲೆಕ್ಕ ಬಿಡಿಸಲಾಗದಿದ್ದರೆ ತಪ್ಪು ನಮ್ಮದೇ ಆಗಿರುತ್ತದೆ. ಕಚೇರಿಯಲ್ಲಿ ಅರ್ಧ ತೊಡಕುಗಳು ಯಾರೋ ಎಂದೋ ಮಾಡಿಟ್ಟ ವ್ಯವಸ್ಥೆಯವು. ಎಷ್ಟು ಓದಿದರೂ ಬಿಡಿಸಲು ಬಾರದಂಥವು, ಕೇಳಿದರಷ್ಟೇ ತಿಳಿಯುವಂಥವು.

ಇಲ್ಲಿ ನಮ್ಮ ಬೆಳವಣಿಗೆಯ ರೀತಿ ಅಡ್ಡ ಬರುತ್ತದೆ. ಮನೆಯಲ್ಲಿ “ದೊಡ್ಡವರಿಗೆ ಎದುರು ಮಾತಾಡಬೇಡ”, ತರಗತಿಯಲ್ಲಿ “ಡೌಟ್ ಇದ್ರೆ ಆಮೇಲೆ ಕೇಳು”. ಹದಿನಾರು ವರ್ಷ ಸುಮ್ಮನಿದ್ದುದಕ್ಕೆ ‘ಒಳ್ಳೇ ಹುಡುಗಿ’ ಎನಿಸಿಕೊಂಡವಳು ಮೊದಲ ಸಲ ಸುಮ್ಮನಿದ್ದುದಕ್ಕೇ ದಡ್ಡಿ ಎನಿಸಿಕೊಳ್ಳುವ ಜಾಗಕ್ಕೆ ಬಂದಿರುತ್ತಾಳೆ. ಜೊತೆಗೆ ಸಂಬೋಧನೆಯ ಇಕ್ಕಟ್ಟು ಬೇರೆ. ನಲವತ್ತೈದರ ಮ್ಯಾನೇಜರನ್ನು ಹೆಸರು ಹಿಡಿದು ಕರೆಯಬೇಕಂತೆ; ‘ಸರ್’ ಎಂದರೆ ಅವರೇ ನಗುತ್ತಾರೆ. ನಾಲಿಗೆ ಏಳದೆ, ಹೆಸರೂ ಇಲ್ಲದೆ ‘ಸರ್’ ಕೂಡ ಇಲ್ಲದೆ, ಅವರು ಇತ್ತ ತಿರುಗುವವರೆಗೆ ಕಾಯುವವರನ್ನು ಯಾವ ಕಚೇರಿಯಲ್ಲೂ ನೋಡಬಹುದು.

ಅನುಭವಿಗಳು ಹೇಳುವ ಲೆಕ್ಕ ಸರಳ: ಸ್ವಂತವಾಗಿ ಒಂದು ಗಂಟೆ ಒದ್ದಾಡಿ, ಆಮೇಲೆ ಕೇಳಿ. ಗಂಟೆಗೆ ಮುಂಚೆ ಕೇಳಿದರೆ ಸೋಮಾರಿ, ದಿನ ಕಳೆದ ಮೇಲೆ ಕೇಳಿದರೆ ಸಮಯ ಹಾಳು. ಕೇಳುವ ರೀತಿಗೂ ಒಂದು ಹದವಿದೆ. ಚಾಟ್‌ನಲ್ಲಿ “ಹಾಯ್” ಎಂದು ಕಳಿಸಿ ಉತ್ತರಕ್ಕೆ ಕಾಯುವುದು, ಅವರು “ಹೇಳಿ” ಎಂದ ಮೇಲೆ “ಒಂದು ಡೌಟ್ ಇತ್ತು” ಎನ್ನುವುದು, ಇದರಲ್ಲೇ ಮಧ್ಯಾಹ್ನವಾಗುತ್ತದೆ. ಅದರ ಬದಲು ಹೀಗೆ:

“ಮಾರ್ಚ್ ತಿಂಗಳ ಸೇಲ್ಸ್ ರಿಪೋರ್ಟ್ ತೆಗೀತಿದ್ದೆ. ಮೈಸೂರು ಬ್ರಾಂಚ್ ಫೋಲ್ಡರ್ ಓಪನ್ ಆಗ್ತಿಲ್ಲ, ‘ಪರ್ಮಿಷನ್ ಡಿನೈಡ್’ ಅಂತ ಬರ್ತಿದೆ. ಬೇರೆ ಬ್ರಾಂಚ್‌ಗಳದ್ದು ಓಪನ್ ಆಗ್ತಿವೆ. ಇದಕ್ಕೆ ನನಗೆ ಆಕ್ಸೆಸ್ ಕೊಟ್ಟಿಲ್ಲ ಅನ್ಸುತ್ತೆ. ಯಾರನ್ನ ಕೇಳ್ಬೇಕು?”

ಮಾಡುತ್ತಿದ್ದುದೇನು, ಆದದ್ದೇನು, ತಾನೇ ಪ್ರಯತ್ನಿಸಿದ್ದೇನು, ತನ್ನ ಊಹೆಯೇನು ಎಲ್ಲವೂ ಇದರಲ್ಲಿದೆ. ಇಂಥ ಪ್ರಶ್ನೆ ಬಂದರೆ ಸಿಡುಕಿನ ಸೀನಿಯರ್ ಕೂಡ ಉತ್ತರಿಸುತ್ತಾನೆ. ಉತ್ತರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಅದೇ ಪ್ರಶ್ನೆ ಎರಡನೇ ಸಲ ಬಂದಾಗ ಮಾತ್ರ ಅವನ ಮುಖ ಗಂಟಿಕ್ಕುವುದು. ಸೀನಿಯರ್ ಕಡೆಯಿಂದಲೂ ನೋಡಬೇಕು. ನಿಮಗೆ ಕಲಿಸುವುದು ಅವನ ಉಳಿದ ಕೆಲಸದ ಮೇಲಿನ ಹೆಚ್ಚುವರಿ ಹೊರೆ. “ಮಂಗಳವಾರ, ಶುಕ್ರವಾರ ಹದಿನೈದು ನಿಮಿಷ ಕೊಡ್ತೀರಾ?” ಎಂದು ಹೊತ್ತು ಗೊತ್ತುಮಾಡಿಕೊಂಡರೆ ಅವನಿಗೂ ಸಲೀಸು.

ತದ್ವಿರುದ್ಧದ ಸಂಕಟವೂ ಇದೆ: ಕೆಲಸವನ್ನೇ ಕೊಡದಿರುವುದು. “ನೋಡ್ತಾ ಇರಿ, ಕಲೀತೀರ” ಎಂದು ಕೂರಿಸಿ ಮರೆತುಬಿಡುತ್ತಾರೆ. ಆಗ ಒಂದು ಒಳದಾರಿ ಇದೆ. ಹೊಸಬರಿಗಾಗಿ ಬರೆದಿಟ್ಟ ಕೈಪಿಡಿ ಹಲವು ಕಂಪನಿಗಳಲ್ಲಿ ಇರುತ್ತದೆ, ಸಾಮಾನ್ಯವಾಗಿ ಹಳತಾಗಿರುತ್ತದೆ. ಅದರ ಯಾವ ಹೆಜ್ಜೆ ಈಗ ನಡೆಯುವುದಿಲ್ಲ ಎಂದು ನಿಖರವಾಗಿ ಗೊತ್ತಿರುವುದು ಮೊನ್ನೆಯಷ್ಟೇ ಆ ಹಾದಿಯಲ್ಲಿ ಎಡವಿದ ನಿಮಗೆ ಮಾತ್ರ. ಅದನ್ನು ತಿದ್ದಿ ಕೊಟ್ಟರೆ ಇಡೀ ತಂಡಕ್ಕೆ ನಿಮ್ಮ ಹೆಸರು ಗೊತ್ತಾಗುತ್ತದೆ.

ಅಭಿಪ್ರಾಯ ಕೇಳುವಾಗಲೂ ಅಷ್ಟೇ. “ನನ್ನ ಕೆಲಸ ಹೇಗಿದೆ?” ಎಂದರೆ “ಗುಡ್, ಗುಡ್” ಎಂಬ ಉತ್ತರ ಬಂದು ಕೂರುತ್ತದೆ. “ಈ ವಾರ ನಾನು ಕೊಟ್ಟ ರಿಪೋರ್ಟ್‌ನಲ್ಲಿ ನೀವು ಏನೇನು ತಿದ್ದಬೇಕಾಯ್ತು?” ಎಂದು ಕೇಳಿ ನೋಡಿ.

ಚಾಟ್‌ಜಿಪಿಟಿಯಂಥ ಸಾಧನಗಳು ಈ ಸಂಕೋಚಕ್ಕೆ ಹೊಸ ಆಸರೆಯಾಗಿವೆ. ಅವನ್ನು ಎಷ್ಟು ಸಲ ಕೇಳಿದರೂ ಏನೂ ಅಂದುಕೊಳ್ಳುವುದಿಲ್ಲ. ಕಲಿಕೆಗೆ ಧಾರಾಳವಾಗಿ ಬಳಸಿ. ಆದರೆ ಕಂಪನಿಯ ಕೋಡು, ಗ್ರಾಹಕರ ಪಟ್ಟಿ, ಒಳಗಿನ ಲೆಕ್ಕ ಅಲ್ಲಿಗೆ ಅಂಟಿಸುವ ಮುನ್ನ ಕಚೇರಿಯ ನಿಯಮ ಕೇಳಿಕೊಳ್ಳಿ. ನೌಕರರು ಹೀಗೆ ಕೋಡ್ ಹಾಕಿದ್ದು ಗೊತ್ತಾಗಿ 2023ರಲ್ಲಿ ಸ್ಯಾಮ್‌ಸಂಗ್ ಅಂಥ ಸಾಧನಗಳನ್ನೇ ತನ್ನ ಕಂಪ್ಯೂಟರುಗಳಲ್ಲಿ ನಿಷೇಧಿಸಿತ್ತು. ಗೋಪ್ಯತೆಯ ಒಪ್ಪಂದಕ್ಕೆ ಮೊದಲ ದಿನವೇ ಇಂಟರ್ನ್ ಸಹಿ ಹಾಕಿರುತ್ತಾರೆ, ಓದದೆ.

ಊಟದ ಮೇಜಿನ ಭಾಷೆ

ಮೀಟಿಂಗಿನ ಇಂಗ್ಲಿಷ್ ಅಷ್ಟೇನೂ ಕಷ್ಟವಲ್ಲ. ಅದರಲ್ಲಿ ಓಡಾಡುವುದು ನೂರಿನ್ನೂರು ಪದಗಳು. ಎರಡು ವಾರದಲ್ಲಿ ಕಿವಿಗೆ ಹತ್ತುತ್ತವೆ. ಕಷ್ಟವಿರುವುದು ಊಟದ ಮೇಜಿನಲ್ಲಿ. ಮಾತು ಹಿಂದಿಗೆ ಹೊರಳುತ್ತದೆ, ನೋಡಿರದ ವೆಬ್ ಸರಣಿಯ ಜೋಕುಗಳು ಹಾರಾಡುತ್ತವೆ, ಎಲ್ಲರೂ ನಕ್ಕಾಗ ನೀವೂ ನಗಬೇಕು. ಕನ್ನಡದವರೆಲ್ಲ ಮೆಲ್ಲಗೆ ಒಂದು ಮೇಜಿಗೆ ಸರಿಯುವುದು ಸಹಜ, ತಪ್ಪೇನಿಲ್ಲ. ವಾರಕ್ಕೆರಡು ದಿನವಾದರೂ ತಂಡದ ಮೇಜಿನಲ್ಲಿ ಕೂರುವುದು ಒಳ್ಳೆಯದು. ಯಾರು ಬಿಟ್ಟು ಹೋಗುತ್ತಿದ್ದಾರೆ, ಯಾವ ತಂಡಕ್ಕೆ ಜನ ಬೇಕಾಗಿದ್ದಾರೆ ಎಂಬ ಸುದ್ದಿ ಇಮೇಲಿನಲ್ಲಿ ಬರುವುದಕ್ಕಿಂತ ಮೊದಲು ಅಲ್ಲಿ ಬರುತ್ತದೆ.

ನಾಲಿಗೆ ತೊಡರುವವರಿಗೆ ಬರವಣಿಗೆ ದೊಡ್ಡ ಸಹಾಯ. ಮೀಟಿಂಗ್ ಮುಗಿದ ಮೇಲೆ ಯಾರು ಯಾವ ಕೆಲಸ ಒಪ್ಪಿಕೊಂಡರು ಎಂದು ಐದು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳಿಸುವ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ. ನೀವು ಬನ್ನಿ. ಸರಳ ಇಂಗ್ಲಿಷ್ ಸಾಕು.

ಕನ್ನಡವನ್ನು ಬ್ಯಾಗಿನಲ್ಲಿ ಮುಚ್ಚಿಡುವ ಅಗತ್ಯವೂ ಇಲ್ಲ. ಕಿರಾಣಿ ಅಂಗಡಿಗಳಿಗೆ, ಆಟೊ ಚಾಲಕರಿಗೆ, ರೈತರಿಗೆ ಆ್ಯಪ್ ಮಾಡಿ ಮಾರುವ ಕಂಪನಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅವುಗಳ ಆ್ಯಪಿನಲ್ಲಿರುವ ಕನ್ನಡ ಹಲವು ಸಲ ಯಂತ್ರ ಹೆತ್ತ ಕನ್ನಡ. ಗುಂಡಿಯ ಮೇಲೆ ಏನು ಬರೆದಿದೆಯೆಂದು ಕೆ.ಆರ್. ಮಾರ್ಕೆಟ್ಟಿನ ವ್ಯಾಪಾರಿಗೆ ತಿಳಿಯುವುದಿಲ್ಲ. ಅವರಿಗೆ ಫೋನ್ ಮಾಡಿ “ಯಾಕಣ್ಣಾ, ಎಲ್ಲಿ ಸಿಕ್ಕಾಕೊಂಡ್ರಿ?” ಎಂದು ಕೇಳಬಲ್ಲವರು ತಂಡದಲ್ಲಿ ಇರುವುದು ಕೆಲವು ಸಲ ಇಂಟರ್ನ್ ಒಬ್ಬರೇ. “ನಾನು ಮಾತಾಡ್ತೀನಿ” ಎಂದು ಕೈಯೆತ್ತಬೇಕು ಅಷ್ಟೆ.

ಕಾನೂನು ಎಷ್ಟು ದೂರ ಬರುತ್ತದೆ

ಹೆಚ್ಚು ದೂರ ಬರುವುದಿಲ್ಲ ಎಂಬುದು ನಿಜ. ಕಾಲೇಜಿನ ಇಂಟರ್ನ್‌ಗೆ ಇಂತಿಷ್ಟು ಕೊಡಲೇಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವವರಿಗೆ ಕನಿಷ್ಠ ಸ್ಟೈಪೆಂಡ್ ಉಂಟು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ನಿಗದಿಯಾಯಿತು. ಆದರೆ ಅದಕ್ಕೆ ಸರ್ಕಾರದ ಪೋರ್ಟಲಿನಲ್ಲಿ ಒಪ್ಪಂದ ನೋಂದಣಿಯಾಗಬೇಕು. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000, ಸೇರುವಾಗ ಒಮ್ಮೆ 6,000 ರೂಪಾಯಿ ಎಂದಿತ್ತು. ಆಗ ಅದು 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ ಇತ್ತು. ಕಾಲೇಜಿನಲ್ಲಿ ಇರುವವರಿಗೆ ಎರಡೂ ಎಟುಕುವುದು ಅಪರೂಪ.

ಹಾಗಾಗಿ ಕೈಯಲ್ಲಿರುವ ಕಾಗದವೇ ಗತಿ. ಆಫರ್ ಲೆಟರಿನಲ್ಲಿ ಸ್ಟೈಪೆಂಡಿನ ಮೊತ್ತ, ಕೊಡುವ ದಿನಾಂಕ, ಶುರು ಮತ್ತು ಕೊನೆಯ ದಿನ, ರಜೆ, ವರದಿ ಮಾಡಬೇಕಾದವರ ಹೆಸರು ಇರಬೇಕು. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಹೀಗೆ ಕೇಳಿದ್ದಕ್ಕೇ ಮುನಿಸಿಕೊಳ್ಳುವ ಕಂಪನಿಯಲ್ಲಿ ಮುಂದೆ ಏನು ಕಾದಿದೆ ಎಂದು ಅಲ್ಲೇ ತಿಳಿಯಬಹುದು. ಅಂಕಪಟ್ಟಿಗಳ ಅಸಲು ಪ್ರತಿ ತೋರಿಸಿ ವಾಪಸ್ ಪಡೆಯಿರಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಾನೂನು ಇಂಟರ್ನ್ ಜೊತೆ ಗಟ್ಟಿಯಾಗಿ ನಿಂತಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ಉದ್ಯೋಗಿ’ ಎಂದರೆ ಯಾರು ಎಂದು ಹೇಳುವಾಗ ತರಬೇತಿಯಲ್ಲಿರುವವರನ್ನೂ, ಸಂಬಳವಿಲ್ಲದೆ ಕೆಲಸ ಮಾಡುವವರನ್ನೂ ಸೇರಿಸಿಕೊಂಡಿದೆ. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರೆದು ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. “ನಾನು ಬರೀ ಇಂಟರ್ನ್, ನನ್ನ ಮಾತು ಯಾರು ಕೇಳ್ತಾರೆ” ಎಂದುಕೊಂಡು ಊರಿಗೆ ಹೊರಟುಬಿಡುವ ಹುಡುಗಿಯರಿಗೆ ಇದನ್ನು ಕಾಲೇಜಿನವರೇ ಮೊದಲು ತಿಳಿಸಬೇಕಿತ್ತು. ಕಂಪನಿಗೆ ಕಳಿಸುವ ಪತ್ರಕ್ಕೆ ಸೀಲು ಹಾಕಿಕೊಡುವಷ್ಟಕ್ಕೆ ಅವರ ಜವಾಬ್ದಾರಿ ಮುಗಿಯುವುದಿಲ್ಲ.

ಕೊನೆಯ ತಿಂಗಳು

“ಪರ್ಮನೆಂಟ್ ಮಾಡ್ತಾರಂತೇನೋ?” ಎಂದು ಊರಿನಿಂದ ಫೋನು ಬರತೊಡಗುವ ಹೊತ್ತು ಇದು. ಇಂಟರ್ನನ್ನೇ ಕೆಲಸಕ್ಕೆ ಉಳಿಸಿಕೊಳ್ಳುವ ಆಫರಿಗೆ ಕ್ಯಾಂಪಸ್ಸಿನ ಭಾಷೆಯಲ್ಲಿ ಪಿಪಿಒ ಎನ್ನುತ್ತಾರೆ. ಅದು ನಿಮ್ಮ ಕೆಲಸವೊಂದರ ಮೇಲೆ ನಿಂತಿಲ್ಲ. ಆ ವರ್ಷ ತಂಡಕ್ಕೆ ಜಾಗ ಮಂಜೂರಾಗಿದೆಯೇ ಎಂಬುದರ ಮೇಲೂ ನಿಂತಿದೆ. ಚೆನ್ನಾಗಿ ಮಾಡಿದವರಿಗೂ ಸಿಗದೇ ಹೋಗುವುದು ಮಾಮೂಲಿ. ಮುಗಿಯಲು ತಿಂಗಳಿರುವಾಗಲೇ ಮ್ಯಾನೇಜರನ್ನು ನೇರವಾಗಿ ಕೇಳಿಬಿಡಬೇಕು: “ನನ್ನನ್ನ ತಗೊಳ್ಳೋ ಸಾಧ್ಯತೆ ಇದೆಯಾ? ಇಲ್ಲ ಅಂದ್ರೆ ಬೇರೆ ಕಡೆ ನೋಡ್ತೀನಿ.” ಇದರಲ್ಲಿ ಉದ್ಧಟತನ ಏನೂ ಇಲ್ಲ. ಕೇಳದೆ ಕೊನೆಯ ದಿನದವರೆಗೆ ಆಸೆಯಿಂದ ಕಾದು, ಅಷ್ಟರಲ್ಲಿ ಕಾಲೇಜಿಗೆ ಬಂದ ಎರಡು ಕಂಪನಿಗಳನ್ನು ಕೈಬಿಟ್ಟವರಿದ್ದಾರೆ.

ಉತ್ತರ ಏನೇ ಬಂದರೂ ಹೊರಡುವ ಮುನ್ನ ಕೆಲವು ಕಾಗದ ಕೈಗೆ ಬರಬೇಕು. ಪ್ರಮಾಣಪತ್ರದಲ್ಲಿ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಂದೇ ಸಾಲಿನ ಬದಲು ಯಾವ ಕೆಲಸ ಮಾಡಿದಿರಿ ಎಂದು ಬರೆಸಿಕೊಳ್ಳಿ. ಆ ಎರಡು ಸಾಲನ್ನು ನೀವೇ ಬರೆದು ಕೊಟ್ಟರೆ ಬಹುಪಾಲು ಎಚ್‌.ಆರ್‌.ಗಳು ಹಾಗೇ ಹಾಕಿಕೊಡುತ್ತಾರೆ. ಜೊತೆಯಲ್ಲಿ ಕೆಲಸ ಮಾಡಿದ ಸೀನಿಯರ್ ಒಬ್ಬರಿಂದ ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಮಾತು ಬರೆಸಿಕೊಳ್ಳಿ, ಅವರ ನೆನಪು ಹಸಿಯಾಗಿರುವ ಅದೇ ವಾರದಲ್ಲಿ. ಕಂಪನಿಯ ಕೋಡನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊರಡುವುದು ಮಾತ್ರ ಬೇಡ. ನೀವೇ ಬರೆದದ್ದಾದರೂ ಅದು ಅವರದು.

ದುಡ್ಡಿನದೂ ಒಂದು ಬಾಕಿ ಇರಬಹುದು. ಕೆಲವು ಕಂಪನಿಗಳು ಸ್ಟೈಪೆಂಡಿನಲ್ಲಿ ನೂರಕ್ಕೆ ಹತ್ತರಂತೆ ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಿರುತ್ತವೆ. ತಿಂಗಳಿಗೆ 15,000ದಂತೆ ಆರು ತಿಂಗಳಾದರೆ ಅದು 9,000 ರೂಪಾಯಿ. ವಿದ್ಯಾರ್ಥಿಯ ವರ್ಷದ ಒಟ್ಟು ಆದಾಯ ತೆರಿಗೆ ಬೀಳುವ ಮಟ್ಟ ಮುಟ್ಟಿರುವುದಿಲ್ಲವಾದ್ದರಿಂದ ರಿಟರ್ನ್ ಸಲ್ಲಿಸಿದರೆ ಅಷ್ಟೂ ಹಿಂದಕ್ಕೆ ಬರುತ್ತದೆ. ನಿಮ್ಮ ಪ್ಯಾನ್ ಹೆಸರಿನಲ್ಲಿ ಎಷ್ಟು ಕಟ್ಟಿದ್ದಾರೆಂದು ಇಲಾಖೆಯ ಜಾಲತಾಣದಲ್ಲಿ ಲಾಗಿನ್ ಆಗಿ ನೋಡಬಹುದು. ಕಟ್ಟಿದ್ದು ಅಲ್ಲಿ ಕಾಣದಿದ್ದರೆ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಒಂದು ಮೇಲ್ ಹಾಕಿ, ವಾರ ಬಿಟ್ಟು ಇನ್ನೊಂದು ಹಾಕಿ.